ಮೇಣ ತುಂಬಿದ ತೂತು

ಬಿನ್ನಿಪೇಟೆ
14 ಸೆಪ್ಟೆಂಬರ್ 1981

ಮಾವನವರಿಗೆ,

ಕ್ಷೇಮ ಸಮಾಚಾರ ಬರೆಯುವ ಮನಸ್ಸಿಲ್ಲದೆ ಈ ಕಾಗದ ಶುರುಮಾಡಿದ್ದೇನೆ. ನಿಮ್ಮ ತಂಗಿ, ನನ್ನಮ್ಮ, ಚೆನ್ನಾಗಿದ್ದಾಳೆ. ಅಷ್ಟು ಸಾಕು.

ಮಾವಳ್ಳಿಗೆ ಒಂದೇ ಬಸ್ಸು, ನಾನೇ ಬಂದು ಹೇಳಬಹುದಿತ್ತು. ಆದರೆ ನಿಮ್ಮ ರೇಡಿಯೋ ರಿಪೇರಿ ಅಂಗಡಿಗೆ ಬಂದು ನಾನು ಏನು ಹೇಳಿದರೂ ನೀವು ಬಿಚ್ಚಿಟ್ಟ ರೇಡಿಯೋದಿಂದ ತಲೆ ಎತ್ತದೆ ‘ಹೂಂ’ ಅನ್ನುತ್ತೀರಿ. ಆ ಹೂಂ ಮುಂದೆ ನನ್ನ ಸಿಟ್ಟು ಯಾವತ್ತೂ ನಿಂತಿಲ್ಲ. ಈ ಸಲ ಅದು ನಿಲ್ಲಬೇಕು. ಅದಕ್ಕೇ ಇನ್‌ಲ್ಯಾಂಡ್ ಲೆಟರ್.

ಶನಿವಾರ ಚಾಮರಾಜಪೇಟೆಯ ಗಣಪತಿ ಪೆಂಡಾಲಿನಲ್ಲಿ ಆದದ್ದನ್ನು ನೀವೂ ನೋಡಿದಿರಿ, ಮೂರನೇ ಸಾಲಿನಲ್ಲಿ ಕೂತಿದ್ದಿರಿ. ನೀವು ಮಾಡಿಕೊಟ್ಟ ಬಾಸ್ ಗಿಟಾರಿನ ವಾಲ್ಯೂಮು ಎತ್ತಿದ ಕೂಡಲೇ ಗುಂಯ್ ಎಂದು ಶುರುವಾಯಿತು. ನಾನಿನ್ನೂ ಒಂದು ತಂತಿಯನ್ನೂ ಮುಟ್ಟಿರಲಿಲ್ಲ. ಹಿಂದಿನಿಂದ ಒಬ್ಬ ಕೂಗಿದ: “ಯಾವನ್ಲಾ ಅದು, ಹಿಟ್ಟಿನ ಗಿರಣಿ ಆನ್ ಮಾಡಿರೋನು?” ಇನ್ನೊಬ್ಬ: “ಮನೇಲಿ ರಾಗಿ ಇದೆ ಗುರು, ತರ್ಲಾ? ಬೀಸ್ಕೊಡ್ತೀಯಾ?” ಹೆಂಗಸರೂ ನಕ್ಕರು. ಅದನ್ನೂ ತಡೆದುಕೊಂಡೆ. ಆದರೆ ನೀವು ಕೂತಲ್ಲಿಂದಲೇ ಕೈ ಎತ್ತಿ ‘ಆ ಕಡೆ ಹೋಗು’ ಎಂಬಂತೆ ಬೀಸಿದಿರಿ. ಎಲ್ಲರ ಮುಂದೆ. ಸ್ಟೇಜು ಬಿಟ್ಟು ಇಳಿ ಅಂತ. ಅದನ್ನು ತಡೆದುಕೊಳ್ಳಲು ಆಗುತ್ತಿಲ್ಲ.

ಮುಗಿದ ಮೇಲೆ ಆರ್ಕೆಸ್ಟ್ರಾದ ಯಜಮಾನರು ಮಲ್ಲಿಕಾರ್ಜುನಯ್ಯ ನನ್ನನ್ನು ಪಕ್ಕಕ್ಕೆ ಕರೆದರು. “ಆಂಜಿ, ನಿಮ್ಮ ಮಾವ ಮಾಡ್ಕೊಟ್ಟಿರೋದು ಗಿಟಾರಾ, ಜೇನುಗೂಡಾ? ರಾಜ್ಯೋತ್ಸವದ ಹೊತ್ತಿಗೆ ಈ ಶಬ್ದ ನಿಲ್ಬೇಕು. ಇಲ್ಲಾಂದ್ರೆ ಬೇರೆ ಹುಡುಗ ಇದಾನೆ, ಅವನ ಹತ್ರ ಬಾಂಬೆ ಗಿಟಾರಿದೆ” ಅಂದರು.

ನನಗೆ ಆ ಜಾಗ ಏನೆಂದು ನಿಮಗೆ ಗೊತ್ತು. ಅಪ್ಪ ಇದೇ ಆರ್ಕೆಸ್ಟ್ರಾದಲ್ಲಿ ಕೂತು ಹವಾಯನ್ ಗಿಟಾರ್ ನುಡಿಸುತ್ತಿದ್ದವನು. ಅವನ ಎದೆ ಬಲಹೀನ ಇತ್ತು, ಅದಕ್ಕೇ ಸ್ಟೇಜಿನ ಮೇಲೆ ಸತ್ತ, ನನಗೂ ಅದೇ ಎದೆ ಬಂದಿರುತ್ತದೆ ಎಂದು ನೀವೆಲ್ಲ ಹೇಳಿ ಹೇಳಿ, ಹತ್ತನೇ ವಯಸ್ಸಿನಿಂದ ನಾನು ಓಡಿಲ್ಲ, ಕಬಡ್ಡಿ ಆಡಿಲ್ಲ, ಈಜು ಕಲಿತಿಲ್ಲ. ಆಫೀಸಿನ ಮೆಟ್ಟಿಲನ್ನೂ ಮುದುಕನ ಹಾಗೆ ಹತ್ತುತ್ತೇನೆ. ನಿಂತಲ್ಲೇ ನಿಂತು ನುಡಿಸುವುದೊಂದು ಉಳಿದಿದೆ. ಅದನ್ನು ಬಿಡುವುದಿಲ್ಲ.

ಹಾಗಾಗಿ ಗಿಟಾರಿನ ತಂತಿಯ ದನಿ ಹಿಡಿಯುವ ನಿಮ್ಮ ಪಿಕಪ್ಪನ್ನು ತೆಗೆಸುತ್ತೇನೆ. ಮಲ್ಲಿಕಾರ್ಜುನಯ್ಯನವರಿಗೆ ಗೊತ್ತಿದ್ದವರೊಬ್ಬರು ಸಿಂಗಪುರದಿಂದ ಜಪಾನಿನ ಪಿಕಪ್ ತಂದಿದ್ದಾರೆ. ಇದು ಅಪ್ಪಣೆ ಕೇಳುವ ಕಾಗದವಲ್ಲ. ಒಳಗಿನ ವೈರಿಂಗಿನ ಚಿತ್ರ ಒಂದಿದ್ದರೆ ಕಳಿಸಿ.

ಸಿಟ್ಟಿನಲ್ಲಿರುವ ನಿಮ್ಮ ಅಳಿಯ,
ಆಂಜಿನಯ್ಯ


ಮಾವಳ್ಳಿ
19 ಸೆಪ್ಟೆಂಬರ್ 1981

ಚಿ. ಆಂಜಿಗೆ,

ನಿನ್ನ ಕಾಗದ ಬಂತು. ಎರಡು ಮೈಲಿ ದೂರಕ್ಕೆ ಮೂರು ದಿನ ತೆಗೆದುಕೊಂಡಿತು. ಸಿಟ್ಟು ಆರದೆ ಬಂದಿತು.

ಮೊದಲು ಕೈ ಬೀಸಿದ ವಿಚಾರ. ಇಳಿದು ಹೋಗು ಅಂತ ನಾನು ಬೀಸಲಿಲ್ಲ. ಬಲಕ್ಕೆ ತಿರುಗಿ ನಿಲ್ಲು ಅಂತ ಬೀಸಿದೆ. ನಿನ್ನ ತಲೆಯ ಮೇಲೆ ಎಂಟು ಟ್ಯೂಬ್‌ಲೈಟು ಕಟ್ಟಿದ್ದರು. ಒಂದೊಂದರ ಚೋಕೂ ಅಳುತ್ತಿರುತ್ತದೆ, ನಮ್ಮ ಕಿವಿಗೆ ಕೇಳಿಸುವುದಿಲ್ಲ, ಪಿಕಪ್ಪಿಗೆ ಕೇಳಿಸುತ್ತದೆ. ಗಿಟಾರನ್ನು ಓರೆಯಾಗಿ ತಿರುಗಿಸಿದರೆ ಅರ್ಧ ನಿಲ್ಲುತ್ತದೆ. ಅಳುವವನನ್ನು ಬಿಟ್ಟು ಕೇಳಿಸಿಕೊಂಡವನ ಕಿವಿ ಕಿತ್ತುಹಾಕುತ್ತೇನೆ ಅನ್ನುತ್ತೀಯಲ್ಲ, ಇದು ಯಾವ ನ್ಯಾಯ?

ಬದಲಾಯಿಸುತ್ತಾನಂತೆ. ಅಂಗಿಯ ಗುಂಡಿ ಬದಲಾಯಿಸಿದ ಹಾಗೆ. ಅದು ಹೇಗೆ ಆಯಿತೆಂದು ನಿನಗೆ ಗೊತ್ತಿದೆಯೆಂದುಕೊಂಡಿದ್ದೆ. ಕೆಟ್ಟ ಟೆಲಿಫೋನುಗಳಿಂದ ತೆಗೆದ ಅಯಸ್ಕಾಂತ. ಕೂದಲಿಗಿಂತ ತೆಳ್ಳಗಿನ ತಾಮ್ರದ ವೈರು. ಅದನ್ನು ಸುತ್ತಿದ್ದು ನಿಮ್ಮಮ್ಮನ ಹೊಲಿಗೆ ಮಷಿನ್ನಿನ ಮೇಲೆ, ಅವಳು ಬಾಬಿನ್ನಿಗೆ ದಾರ ಸುತ್ತುವ ಜಾಗದಲ್ಲಿ. ನಾನು ಚಕ್ರ ತಿರುಗಿಸುವುದು, ನಿಮ್ಮಮ್ಮ ಸಿದ್ದಮ್ಮ ಎಣಿಸುವುದು. ನೂರು ಸುತ್ತಿಗೆ ಒಂದು ಹುಣಿಸೆಬೀಜ ಪಕ್ಕಕ್ಕಿಡುತ್ತಿದ್ದಳು. ನಲವತ್ತು ಬೀಜ ಆದ ಮೇಲೆ ವೈರು ಹರಿಯಿತು. ಮತ್ತೆ ಮೊದಲಿಂದ. ಐವತ್ತೆರಡಕ್ಕೆ ಇನ್ನೊಂದು ಸಲ ಹರಿಯಿತು. “ಅಣ್ಣ, ಇದೇನು ನಿನ್ನ ಕೈಯೋ, ಇಲಿಯ ಹಲ್ಲೋ” ಎಂದಳು. ಮೂರನೇ ಸಲ ಅರವತ್ತು ಬೀಜ ಆದವು, ಆರು ಸಾವಿರ ಸುತ್ತು. ಒಳಗಿನ ವೈರು ಅಲುಗದಿರಲಿ ಅಂತ ಕರಗಿಸಿದ ಮೇಣದಲ್ಲಿ ಅದ್ದಿ ತೆಗೆದೆ. ಹಲಸಿನ ಮರದ ಮೈಯನ್ನು ನಾನೇ ಕೊರೆದು ಅದರೊಳಗೆ ಕೂರಿಸಿದೆ.

ಜಪಾನಿನವನ ಮಷಿನ್ನು ಗಂಟೆಗೆ ನೂರು ಪಿಕಪ್ ಸುತ್ತುತ್ತದೆ, ಗೊತ್ತು. ಅವನಿಗೆ ಚಾಮರಾಜಪೇಟೆಯ ಟ್ಯೂಬ್‌ಲೈಟು ಗೊತ್ತೇ? ಕಂಬದಿಂದ ಕೊಕ್ಕೆ ಹಾಕಿ ಎಳೆದ ಕರೆಂಟು ಗೊತ್ತೇ? ಒಬ್ಬ ಯಾರೋ ರಾಗಿ ಬೀಸಿಕೊಡು ಅಂದ ಅಂತ ಆರು ಸಾವಿರ ಸುತ್ತನ್ನು ಬಿಚ್ಚಿ ಎಸೆಯಲು ಹೊರಟವನಿಗೆ ನಾನೇನು ಹೇಳಲಿ. ಮಲ್ಲಿಕಾರ್ಜುನಯ್ಯನವರಿಗೆ ನಾನು ಮಾಡಿದ್ದು ಜೇನುಗೂಡಾಗಿ ಕೇಳಿಸಿದರೆ, ಅವರ ಹಾಡು ನನಗೆ ಏನಾಗಿ ಕೇಳಿಸುತ್ತದೆಂದು ನಾನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿಲ್ಲ.

ವೈರಿಂಗಿನ ಚಿತ್ರ ಇಲ್ಲ. ನಾನು ಬರೆದಿಟ್ಟುಕೊಂಡು ಕೆಲಸ ಮಾಡುವವನಲ್ಲ.

ಗಿಟಾರಿನ ಹಿಂಬದಿಯ ತಟ್ಟೆ ಬಿಚ್ಚಲು ಯಾರಿಗೂ ಕೊಡಬೇಡ. ಬಿಚ್ಚಬೇಕಾದರೆ ಇಲ್ಲಿಗೆ ತಾ.

ಹೂಂ ಎಂದಷ್ಟೇ ಅನ್ನದೆ ಇಷ್ಟು ಬರೆದಿರುವ,
ನಿನ್ನ ಮಾವ ಲಕ್ಷ್ಮಯ್ಯ


ಬಿನ್ನಿಪೇಟೆ
3 ಅಕ್ಟೋಬರ್ 1981

ಮಾವನವರಿಗೆ,

ತಟ್ಟೆ ಬಿಚ್ಚಿಸಿದೆ.

ಚಾಮರಾಜಪೇಟೆಯಲ್ಲಿ ಮುನಿಸ್ವಾಮಿ ಅಂತ ಇದ್ದಾನೆ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಾನೆ, ಆಂಪ್ಲಿಫೈಯರುಗಳನ್ನೂ. ನಿಮ್ಮ ಕೆಲಸ ನೋಡಿ ಮೊದಲು ಹೊಗಳಿದ, ಅದನ್ನು ಬರೆಯಬೇಕು. “ಹಳೇ ಕೈ ಇದು, ಬೆಸುಗೆ ನೋಡು, ಮುತ್ತಿದ್ದಂಗಿದೆ” ಎಂದ. ಆಮೇಲೆ ಟಾರ್ಚು ಹಾಕಿ ಒಳಗೆ ನೋಡಿದ. ಆಮೇಲೆ ನಕ್ಕ.

ಅವನು ಹೇಳಿದ್ದನ್ನು ಬರೆಯುತ್ತೇನೆ, ನಿಮಗೆ ಹೊಸದಲ್ಲ. ಗಿಟಾರಿನ ತಂತಿಗಳು ಕೂರುವ ಕಬ್ಬಿಣದ ಬ್ರಿಜ್ಜಿನಿಂದ ಒಂದು ವೈರು ಒಳಗೆ ಬಂದು ಅರ್ಥಿಂಗಿಗೆ ಸೇರಬೇಕಂತೆ. ಅಲ್ಲಿಂದ ಅದು ಆಂಪ್ಲಿಫೈಯರಿನ ಕಬ್ಬಿಣದ ಮೈಗೆ ಹೋಗುತ್ತದಂತೆ. ನುಡಿಸುವವನ ಬೆರಳು ತಂತಿಯ ಮೇಲೆ ಬಿದ್ದ ಕೂಡಲೇ ಗುಂಯ್ ಎಂಬುದನ್ನು ಆ ವೈರು ನುಂಗಿಬಿಡುತ್ತದಂತೆ. ಪ್ರಪಂಚದ ಎಲ್ಲ ಗಿಟಾರಿಗೂ ಅದು ಇರುತ್ತದಂತೆ. ನನ್ನದಕ್ಕಿಲ್ಲ. ಮರೆತಿದ್ದರೆ ಒಂದು ಮಾತು. ವೈರು ಹಾಯಿಸಲು ತೂತು ಕೊರೆದಿದ್ದೀರಿ. ಬ್ರಿಜ್ಜಿನ ಕೆಳಗಿನವರೆಗೂ ನೆಟ್ಟಗೆ, ಚೆನ್ನಾಗಿ. ಕೊರೆದು, ವೈರು ಹಾಕದೆ, ಎರಡೂ ಬಾಯಿಗೆ ಮೇಣ ತುಂಬಿದ್ದೀರಿ.

“ಇದು ಮರ್ತಿದ್ದಲ್ಲ ಆಂಜಿ, ಬೇಕಂತ ಬಿಟ್ಟಿರೋದು. ನಿಮ್ಮ ಮಾವಂಗೂ ನಿಂಗೂ ಏನಾದ್ರೂ ಆಸ್ತಿ ಜಗಳ ಇದ್ಯಾ?” ಎಂದ ಮುನಿಸ್ವಾಮಿ.

ಅಂಗಡಿಯ ಸ್ಟೂಲಿನ ಮೇಲೆ ಕೂತುಕೊಂಡೆ. ಎರಡು ವರ್ಷದಿಂದ ಎಲ್ಲ ಸ್ಟೇಜಿನಲ್ಲೂ ನನ್ನ ಹಿಂದೆ ಬರುತ್ತಿದ್ದ ಆ ಶಬ್ದವನ್ನು ನೀವು ಕೈಯಾರೆ ಒಳಗಿಟ್ಟು ಕಳಿಸಿದಿರಿ. ಮೂರನೇ ಸಾಲಿನಲ್ಲಿ ಕೂತು ಕೇಳಿದಿರಿ. ಟ್ಯೂಬ್‌ಲೈಟು ಅಂತ ಬರೆದಿರಿ. ಅಮ್ಮ ಎಣಿಸಿದ ಹುಣಿಸೆಬೀಜವನ್ನು ಮುಂದಿಟ್ಟು ನನ್ನ ಬಾಯಿ ಮುಚ್ಚಿಸಿದಿರಿ. ಆ ಕಾಗದ ಓದಿ ನನಗೆ ನಾಚಿಕೆಯಾಗಿತ್ತು, ಜಪಾನಿನ ಪಿಕಪ್ ಬೇಡ ಎಂದು ಹೇಳಲು ಎರಡು ಸಲ ಹೊರಟಿದ್ದೆ. ಈಗ ಆ ನಾಚಿಕೆಗೂ ನಾಚಿಕೆ.

ಯಾಕೆಂದು ಯೋಚಿಸಿದೆ. ನಾನು ಆರ್ಕೆಸ್ಟ್ರಾ ಸೇರುವುದು ನಿಮಗೆ ಮೊದಲಿಂದ ಬೇಡವಾಗಿತ್ತು. ಬೇಡ ಅನ್ನಲಿಲ್ಲ, ನೀವು ಯಾವುದನ್ನೂ ಅನ್ನುವುದಿಲ್ಲ. ಜನ ನಗಲಿ, ತಾನಾಗಿ ಬಿಟ್ಟು ಬರಲಿ ಎಂದು ಹೀಗೆ ಮಾಡಿಕೊಟ್ಟಿರಿ. ಬೇರೆ ಕಾರಣ ಹೊಳೆಯುತ್ತಿಲ್ಲ.

ಹದಿನೈದನೇ ತಾರೀಕಿನೊಳಗೆ ಮುನಿಸ್ವಾಮಿ ಜಪಾನಿನ ಪಿಕಪ್ಪನ್ನೂ ಹಾಕುತ್ತಾನೆ, ಆ ವೈರನ್ನೂ ಹಾಕುತ್ತಾನೆ.

ಆಂಜಿನಯ್ಯ


(ಕಾರ್ಡು)
ಮಾವಳ್ಳಿ
6 ಅಕ್ಟೋಬರ್ 1981

ಆಂಜಿ,

ಪಿಕಪ್ ಬದಲಾಯಿಸು. ಧಾರಾಳವಾಗಿ ಬದಲಾಯಿಸು. ನನ್ನದನ್ನು ಕಿತ್ತು ಎಲ್ಲಿಗಾದರೂ ಎಸೆ, ಬೇಸರವಿಲ್ಲ. ಜಪಾನಿನದು ಒಳ್ಳೆಯದೇ ಇರುತ್ತದೆ.

ವೈರು ಮಾತ್ರ ಹಾಕಿಸಬೇಡ. ಮುನಿಸ್ವಾಮಿ ಏನೇ ಹೇಳಲಿ. ಕಾರಣ ಕೇಳಬೇಡ. ಈ ಕಾರ್ಡು ಮುಟ್ಟಿದ ದಿನವೇ ಹೋಗಿ ಅವನಿಗೆ ಹೇಳು.

ಲಕ್ಷ್ಮಯ್ಯ


ಬಿನ್ನಿಪೇಟೆ
13 ಅಕ್ಟೋಬರ್ 1981

ಮಾವನವರಿಗೆ,

ನಿಮ್ಮ ಕಾರ್ಡನ್ನು ನನಗಿಂತ ಮೊದಲು ಪೋಸ್ಟ್‌ಮ್ಯಾನ್ ಓದಿದ್ದ. “ಏನ್ ಸಾರ್, ಯಾವುದೋ ವೈರು ಹಾಕಿಸ್ಬಾರ್ದಂತಲ್ಲ” ಎಂದು ಕೊಟ್ಟು ಹೋದ. ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ, ಬೀದಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ. ಅವಳು ಹೊಲಿಯುವುದು ನಿಲ್ಲಿಸಿದಳು. ಏನೂ ಅನ್ನಲಿಲ್ಲ. ನಿಮ್ಮ ತಂಗಿಯಲ್ಲವೇ.

ಮೂರು ವಾರದ ಹಿಂದೆ ಆ ಪಿಕಪ್ ದೇವರಾಗಿತ್ತು. ಮುಟ್ಟಿದರೆ ಪಾಪ. ಈಗ ಎಲ್ಲಿಗಾದರೂ ಎಸೆ. ಕಾರಣ ಕೇಳಬೇಡ. ನನಗೆ ಇಪ್ಪತ್ತೊಂದು ಆಯಿತು ಮಾವ. ಸರ್ಕಾರ ನನ್ನ ಸಹಿಯನ್ನು ನಂಬುತ್ತದೆ. ಒಂದು ವೈರಿನ ಕಾರಣ ಕೇಳುವಷ್ಟು ದೊಡ್ಡವನಾಗಿದ್ದೇನೆ, ನೀವು ಹೇಳದಿದ್ದರೆ ಹಾಕಿಸುವಷ್ಟೂ.

ಹಾಕಿಸಿದೆ. ಕಾರ್ಡು ಬರುವ ಮೊದಲೇ ಜಪಾನಿನ ಪಿಕಪ್ ಕೂತು ಅರ್ಧ ಆಗಿತ್ತು, ಬಂದ ಮೇಲೆ ಹೋಗಿ ಪೂರ್ತಿ ಮಾಡಿಸಿದೆ. ಬೇಕೆಂದೇ.

ಎನ್.ಆರ್. ಕಾಲೋನಿಯಲ್ಲಿ ಪ್ರಾಕ್ಟೀಸಿಗೆ ತೆಗೆದುಕೊಂಡು ಹೋದೆ. ವಾಲ್ಯೂಮು ಪೂರ್ತಿ ಎತ್ತಿದೆ. ಏನೂ ಇಲ್ಲ. ಬೆರಳು ತಂತಿಯ ಮೇಲಿದ್ದರೆ ಬಾವಿಯೊಳಗಿನ ಹಾಗೆ ನಿಶ್ಶಬ್ದ. ಗಿಟಾರು ಆನ್ ಆಗಿದೆಯೋ ಇಲ್ಲವೋ ಎಂದು ಎರಡು ಸಲ ನೋಡಿದೆ. ಆಮೇಲೆ ಒಂದು ಸ್ವರ ಮೀಟಿದೆ, ಅದೊಂದೇ ಬಂತು, ಹಿಂದೆ ಮುಂದೆ ಯಾರೂ ಇಲ್ಲದೆ. ಮಲ್ಲಿಕಾರ್ಜುನಯ್ಯ ಹತ್ತಿರ ಬಂದು ಬೆನ್ನು ತಟ್ಟಿದರು. ಎರಡು ವರ್ಷದಲ್ಲಿ ಮೊದಲ ಸಲ. ರಾಜ್ಯೋತ್ಸವಕ್ಕೆ ನನ್ನ ಮುಂದೆಯೂ ಒಂದು ಮೈಕು ಇಡುತ್ತಾರಂತೆ, ಕೋರಸ್ಸಿಗೆ ದನಿ ಸೇರಿಸಬೇಕಂತೆ. ಒಂದನೇ ತಾರೀಕು ಭಾನುವಾರ, ಕಾಲೋನಿಯ ಮೈದಾನದಲ್ಲೇ.

ಬಂದು ಮೂರನೇ ಸಾಲಿನಲ್ಲಿ ಕೂರಬೇಡಿ.

ಆಂಜಿನಯ್ಯ


ಬಿನ್ನಿಪೇಟೆ
17 ಅಕ್ಟೋಬರ್ 1981

ಅಣ್ಣನಿಗೆ ಸಿದ್ದಮ್ಮ ಬರೆಸಿದ್ದು.

ಪಕ್ಕದ ಮನೆಯ ದಾಕ್ಷಾಯಣಮ್ಮ ಬರೆಯುತ್ತಿದ್ದಾರೆ. ಆದ್ದರಿಂದ ಎಲ್ಲ ಹೇಳಲಾರೆ, ನಿನಗೆ ತಿಳಿಯುವಷ್ಟು ಹೇಳುತ್ತೇನೆ.

ಹುಡುಗ ನಿನ್ನ ಕಾರ್ಡು ಓದಿದ. ವೈರು ಹಾಕಿಸಬೇಡ ಎಂಬುದನ್ನು ಕೇಳಿ ನನ್ನ ಕೈಯೊಳಗಿನ ಸೂಜಿ ನಿಂತಿತು.

ಹನ್ನೊಂದು ವರ್ಷದ ಹಿಂದೆ ಹುಡುಗನ ಅಪ್ಪನನ್ನು ಮನೆಗೆ ತಂದು ಮಲಗಿಸಿದಾಗ ಕೈಕಾಲು ಒರೆಸಿದವಳು ನಾನು. ಬಲಗೈಯ ಬೆರಳುಗಳ ಒಳಗಡೆ ಒಂದು ಗೆರೆ ಇತ್ತು, ಬೆಂದ ಹಾಗೆ. ಎದೆನೋವಿಗೆ ಬೆರಳು ಯಾಕೆ ಬೇಯುತ್ತದೆ ಎಂದು ನಾನು ಯಾರನ್ನೂ ಕೇಳಲಿಲ್ಲ. ನೀನು ಬಾಗಿಲ ಹತ್ತಿರ ಗೋಡೆಗೆ ಮುಖ ಮಾಡಿ ನಿಂತಿದ್ದೆ. ಕೇಳಿದ್ದರೆ ಆ ದಿನ ಗಂಡನ ಜೊತೆ ಅಣ್ಣನೂ ಹೋಗುತ್ತಿದ್ದ. ಒಬ್ಬನಾದರೂ ಇರಲಿ ಅಂತ ಬಟ್ಟೆ ಹೊದಿಸಿದೆ.

ಆಮೇಲೆ ಎಲ್ಲರೂ ಎದೆ ಎದೆ ಅಂದರು. ನಾನೂ ಅಂದೆ. ಹುಡುಗ ಓಡಿದರೆ ಕೂಗಿ ನಿಲ್ಲಿಸಿದೆ. ಮರ ಹತ್ತಿದರೆ ಹೊಡೆದೆ. ನೀನು ಹೇಳಿದ್ದನ್ನು ನಾನು ಅನ್ನ ಹಾಕಿ ಸಾಕಿದ್ದೇನೆ ಅಣ್ಣ. ಅದು ನನ್ನ ತಪ್ಪು, ನಿನ್ನ ತಲೆಗೆ ಕಟ್ಟುವುದಿಲ್ಲ.

ಆದರೆ ಈಗ ಅವನು ಮೈಕಿನ ಮುಂದೆ ನಿಲ್ಲುತ್ತಾನಂತೆ. ಕಾರಣ ಕೇಳಬೇಡ ಅಂತ ಬರೆಯುತ್ತೀಯ, ಯಾವ ಮುಖ ಇಟ್ಟುಕೊಂಡು? ನಿನ್ನ ಮರ್ಯಾದೆ ನನ್ನ ಮಗನಿಗಿಂತ ದೊಡ್ಡದಾಯಿತೇ? ಅವನಿಗೆ ಹೇಳು. ಕಾರ್ಡಿನಲ್ಲಿ ಬೇಡ. ಮುಂದಿನ ಭಾನುವಾರದೊಳಗೆ ನೀನು ಹೇಳದಿದ್ದರೆ ನಾನು ಹೇಳುತ್ತೇನೆ, ಮತ್ತು ನನಗೆ ಕಂಡದ್ದನ್ನಷ್ಟೇ ಹೇಳುತ್ತೇನೆ. ಅದು ನಿನಗೆ ಇನ್ನೂ ಕಷ್ಟ.

ದಾಕ್ಷಾಯಣಮ್ಮ ಅಳುತ್ತಿದ್ದಾರೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಸಿದ್ದಮ್ಮ


ಮಾವಳ್ಳಿ
21 ಅಕ್ಟೋಬರ್ 1981

ಆಂಜಿ,

ಇದು ಮೂರನೆಯ ಕಾಗದ. ಮೊದಲೆರಡರಲ್ಲಿ ವೈರಿನ ವಿಚಾರವನ್ನು ಎಷ್ಟು ಚೆನ್ನಾಗಿ ವಿವರಿಸಿದ್ದೆನೆಂದರೆ ಅವುಗಳಲ್ಲಿ ನಾನು ಎಲ್ಲಿಯೂ ಇರಲಿಲ್ಲ. ಹರಿದುಹಾಕಿದೆ.

ನಿಮ್ಮಪ್ಪ ದಾಸಪ್ಪನ ಎದೆ ಬಲಹೀನ ಇರಲಿಲ್ಲ. ಅದು ಕಲ್ಲಿನಂಥ ಎದೆ. ಬಿನ್ನಿ ಮಿಲ್ಲಿನಲ್ಲಿ ಬಟ್ಟೆಯ ಥಾನುಗಳನ್ನು ಹೊತ್ತು ಬೆಳೆದ ಎದೆ.

ಅವನ ಹವಾಯನ್ ಗಿಟಾರಿಗೂ ಇದೇ ಗುಂಯ್ ಇತ್ತು. 1970ರ ಆಗಸ್ಟಿನಲ್ಲಿ ನನ್ನ ಅಂಗಡಿಗೆ ತಂದ. “ಲಕ್ಷ್ಮಯ್ಯ, ಇದಕ್ಕೊಂದು ಗತಿ ಕಾಣ್ಸು, ಜನ ನಗ್ತಾರೆ” ಎಂದ. ಮುನಿಸ್ವಾಮಿಗೆ ಗೊತ್ತಿರುವುದು ನನಗೂ ಗೊತ್ತಿತ್ತು. ಬ್ರಿಜ್ಜಿನಿಂದ ಒಳಕ್ಕೆ ಒಂದು ವೈರು ಎಳೆದು ಬೆಸುಗೆ ಹಾಕಿದೆ. ಐದು ನಿಮಿಷದ ಕೆಲಸ. ಶಬ್ದ ನಿಂತಿತು. ಅವನು ತಂತಿಯ ಮೇಲೆ ಕೈಯಿಟ್ಟು ಬಹಳ ಹೊತ್ತು ಸುಮ್ಮನೆ ಕೂತ. “ನೋಡು, ಈಗ ಸುಮ್ನಿದ್ರೂ ಚೆನ್ನಾಗ್ ಕೇಳ್ಸುತ್ತೆ” ಎಂದ. ಆ ಮಾತು ನನಗೆ ಬಹಳ ಹಿತವಾಯಿತು. ಅದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಆಮೇಲಿನ ಹನ್ನೆರಡು ದಿನ ನಾನು ಆ ಹಿತದಲ್ಲೇ ಓಡಾಡಿಕೊಂಡಿದ್ದೆ.

ಮುನಿಸ್ವಾಮಿ ನಿನಗೆ ಹೇಳಿದ್ದು ಅರ್ಧ. ಆ ವೈರು ಆಂಪ್ಲಿಫೈಯರಿನ ಮೈಯನ್ನು ತಂತಿಗಳಿಗೆ ಸೇರಿಸುತ್ತದೆ. ಆಂಪ್ಲಿಫೈಯರಿನ ಮೈಯಲ್ಲಿ ಕರೆಂಟು ಇಲ್ಲದಿದ್ದರೆ ತಂತಿಯಲ್ಲೂ ಇಲ್ಲ. ಆದರೆ ನಮ್ಮ ಪೆಂಡಾಲುಗಳಲ್ಲಿ ಕಂಬದಿಂದ ಎಳೆದ ಎರಡೇ ವೈರು, ಎರಡು ಕಾಲಿನ ಪ್ಲಗ್ಗು, ಕೆಳಗೆ ಒದ್ದೆ ನೆಲ. ಯಾವ ದಿನ ಯಾವ ಮೈಯಲ್ಲಿ ಕರೆಂಟು ನಿಂತಿರುತ್ತದೆಂದು ಹೇಳಲು ಬರುವುದಿಲ್ಲ. ಹನ್ನೆರಡನೆಯ ದಿನ ಬಸವನಗುಡಿಯ ಪೆಂಡಾಲಿನಲ್ಲಿ ಸಂಜೆ ಮಳೆ ಬಿಟ್ಟಿತ್ತು. ದಾಸಪ್ಪ ಎಡಗೈಯಲ್ಲಿ ಜಾರಿಸುವ ಸ್ಟೀಲಿನ ತುಂಡನ್ನು ತಂತಿಯ ಮೇಲೆ ಇಟ್ಟುಕೊಂಡೇ ಬಲಗೈಯಿಂದ ಮೈಕನ್ನು ಹತ್ತಿರ ಎಳೆದುಕೊಂಡ. ತಂತಿಯ ಕರೆಂಟು ಎದೆಯ ಮೂಲಕ ಹಾದು ಮೈಕಿಗೆ ಇಳಿಯಿತು. ಅಷ್ಟೇ. ನಾನು ಸ್ಟೇಜಿನ ಹಿಂದೆ ಇದ್ದೆ. ಪ್ಲಗ್ಗು ಕಿತ್ತವನು ನಾನು. ತಡವಾಗಿತ್ತು.

ಯಾರೋ “ಎದೆ ಒಡೆದುಹೋಗಿದೆ” ಎಂದರು. ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ.

ಇಡೀ ಸುಳ್ಳು ಅಷ್ಟೇ ಆಂಜಿ, ಒಂದು ಸಲ ತಲೆಯಾಡಿಸಿದ್ದು. ಉಳಿದದ್ದನ್ನು ಊರು ಹೇಳಿಕೊಂಡು ಹೋಯಿತು. ನೀನು ಓಡುವುದನ್ನು ನಿಲ್ಲಿಸಿದಾಗಲೂ ನಾನು ನೋಡಿದೆ. ನಿನ್ನನ್ನು ನೋಡಿದಾಗೆಲ್ಲ ಇವತ್ತು ಹೇಳುತ್ತೇನೆ ಅಂದುಕೊಂಡು ‘ಹೂಂ’ ಅಂದೆ.

ನಿನಗೆ ಗಿಟಾರು ಮಾಡುವಾಗ ಕೈ ಅಭ್ಯಾಸದಂತೆ ತೂತು ಕೊರೆಯಿತು. ವೈರು ಹಾಯಿಸಬೇಕಾದಾಗ ನಿಂತಿತು. ಹಲಸಿನ ಚೂರೊಂದನ್ನು ಕೆತ್ತಿ ಬಡಿದು, ಉಜ್ಜಿಬಿಟ್ಟಿದ್ದರೆ ಅಲ್ಲೊಂದು ತೂತಿತ್ತೆಂದು ಯಾವ ಮುನಿಸ್ವಾಮಿಗೂ ತಿಳಿಯುತ್ತಿರಲಿಲ್ಲ. ಮೇಣ ತುಂಬಿದೆ. ಉಗುರಿನಿಂದ ಕೆರೆದರೆ ಬರುವ ಮೇಣ. ಯಾಕೆ ಹಾಗೆ ಮಾಡಿದೆನೆಂದು ನನಗೆ ನಾನೇ ಹೇಳಿಕೊಂಡಿಲ್ಲ.

ಜನ ನಗಲಿ ಅಂತ ಮಾಡಲಿಲ್ಲ. ನಗುವ ಜನರ ಮುಂದೆ ನೀನು ಬದುಕಿರಲಿ ಅಂತ ಮಾಡಿದೆ.

ನಿಮ್ಮಮ್ಮನ ಕೈಯಲ್ಲಿ ಕರೆಂಟು ನೋಡುವ ಒಂದು ಟೆಸ್ಟರ್ ಕೊಟ್ಟಿದ್ದೇನೆ. ಸ್ಟೇಜಿನಲ್ಲಿ ಎಲ್ಲ ಆನ್ ಮಾಡಿದ ಮೇಲೆ, ನೀನು ಏನನ್ನೂ ಮುಟ್ಟುವ ಮೊದಲು, ಅದರ ಮೂತಿಯನ್ನು ತಂತಿಗೆ ತಾಗಿಸಿ ಹಿಂದಿನ ತಲೆಯ ಮೇಲೆ ಬೆರಳಿಡು. ದೀಪ ಹೊತ್ತಲಿಲ್ಲವೆಂದರೆ ನನ್ನನ್ನು ಹುಚ್ಚನೆಂದುಕೊಂಡು ನುಡಿಸು.

ಲಕ್ಷ್ಮಯ್ಯ


ಬಿನ್ನಿಪೇಟೆ
9 ನವೆಂಬರ್ 1981

ಮಾವನವರಿಗೆ,

ನಿಮ್ಮ ಕಾಗದ ಇಪ್ಪತ್ತನಾಲ್ಕನೇ ತಾರೀಕೇ ಬಂತು. ಅಮ್ಮನ ಕಡೆ ಒಂದು ವಾರ ನೋಡಲಿಲ್ಲ. ನಿಮ್ಮ ಮಾತನ್ನು ನಂಬಲೂ ಇಲ್ಲ. ಪಿಕಪ್ ಉಳಿಸಿಕೊಳ್ಳಲು ಹುಣಿಸೆಬೀಜ ತಂದವರು, ವೈರು ತೆಗೆಸಲು ಅಪ್ಪನನ್ನು ತಂದಿದ್ದಾರೆ ಎಂದುಕೊಂಡೆ. ಇದನ್ನು ನಿಮಗೆ ನೋವಾಗಲಿ ಎಂದೇ ಬರೆಯುತ್ತಿದ್ದೇನೆ.

ಒಂದನೇ ತಾರೀಕು ಟೆಸ್ಟರನ್ನು ಜೇಬಿನಲ್ಲಿಟ್ಟುಕೊಂಡು ಹೋದದ್ದು ನಿಮ್ಮನ್ನು ಸುಳ್ಳುಗಾರರೆಂದು ತೋರಿಸಲು. ಮಧ್ಯಾಹ್ನ ತುಂತುರು ಬಂದು ನಿಂತಿತ್ತು. ಆಂಪ್ಲಿಫೈಯರುಗಳು ಆನ್ ಆದವು. ಗಿಟಾರನ್ನು ಸ್ಟ್ಯಾಂಡಿನ ಮೇಲೆ ಬಿಟ್ಟು, ದಪ್ಪ ತಂತಿಗೆ ಟೆಸ್ಟರು ತಾಗಿಸಿದೆ. “ಏನೋ ಅದು ಆಂಜಿ, ಗಿಟಾರಿಗೆ ಇಂಜೆಕ್ಷನ್ನಾ?” ಎಂದರು ಮಲ್ಲಿಕಾರ್ಜುನಯ್ಯ. ಎಲ್ಲರೂ ನಕ್ಕರು.

ಹೊತ್ತಿಕೊಂಡಿತು. ದಾಳಿಂಬೆ ಬೀಜದಷ್ಟು, ಕೆಂಪಗೆ.

ಆಮೇಲೆ ಯಾರೂ ನಗಲಿಲ್ಲ. ಮಲ್ಲಿಕಾರ್ಜುನಯ್ಯ ಆ ದೀಪವನ್ನು ನೋಡಿದರು, ನನ್ನನ್ನು ನೋಡಿದರು. ಅವರ ಮುಖದಲ್ಲಿ ಆಶ್ಚರ್ಯ ಇರಲಿಲ್ಲ ಮಾವ. ಪ್ಲಗ್ಗುಗಳನ್ನೆಲ್ಲ ಕೀಳಿಸಿ, ನನ್ನ ಮುಂದಿದ್ದ ಮೈಕನ್ನು ತಾವೇ ಎತ್ತಿಕೊಂಡು ಹೋಗಿ ಸ್ಟೇಜಿನ ಆ ಕೊನೆಗೆ ಇಟ್ಟರು. ಅಂದರೆ ಆವತ್ತು ತಲೆಯಾಡಿಸಿದವರು ನೀವೊಬ್ಬರೇ ಅಲ್ಲ. ಇಡೀ ಆರ್ಕೆಸ್ಟ್ರಾ ನನ್ನ ಎದೆಯ ಬಗ್ಗೆ ಕನಿಕರ ತೋರಿಸುತ್ತ ಬಂದಿದೆ.

ಪೆಂಡಾಲಿನವನ ಕಟಿಂಗ್ ಪ್ಲೇಯರ್ ಇಸಿದುಕೊಂಡು ತಟ್ಟೆ ಬಿಚ್ಚಿ ವೈರನ್ನು ನಾನೇ ತುಂಡು ಮಾಡಿದೆ. ಮತ್ತೆ ಆನ್ ಮಾಡಿ ಟೆಸ್ಟರು ತಾಗಿಸಿದರೆ ದೀಪ ಹೊತ್ತಲಿಲ್ಲ. ನುಡಿಸಿದೆ. ಶಬ್ದ ವಾಪಸು ಬಂತು, ಆದರೆ ಹಿಂದಿನಷ್ಟಲ್ಲ. ಆಗ ಗಿರಣಿಯೊಳಗೆ ನಿಂತ ಹಾಗಿತ್ತು, ಈಗ ಗಿರಣಿ ಪಕ್ಕದ ಬೀದಿಯಲ್ಲಿದೆ. ಬಲಕ್ಕೆ ತಿರುಗಿ ನಿಂತೆ. ಇನ್ನೂ ಕಡಿಮೆಯಾಯಿತು. ನಿಮ್ಮ ಸಂತೋಷಕ್ಕೆ ಇದನ್ನು ಬರೆಯುತ್ತಿಲ್ಲ. ಮಲ್ಲಿಕಾರ್ಜುನಯ್ಯ ಶಬ್ದದ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಾಂಬೆ ಗಿಟಾರಿನ ಹುಡುಗನ ಹೆಸರೂ ಮತ್ತೆ ಬರಲಿಲ್ಲ.

ನಿನ್ನೆ ಬೆಳಿಗ್ಗೆ ಲಾಲ್‌ಬಾಗಿಗೆ ಹೋದೆ. ಬಂಡೆಯನ್ನು ಕೆಳಗಿನಿಂದ ಮೇಲಿನವರೆಗೆ ನಿಲ್ಲದೆ ಓಡಿ ಹತ್ತಿದೆ. ಎದೆ ಬಡಿದುಕೊಂಡಿತು. ಕಿವಿಯಲ್ಲೂ ಬಡಿಯಿತು. ಮಂಟಪದ ಹತ್ತಿರ ಕೂತು ಕಾದೆ, ಸಾಯುತ್ತೇನೋ ಏನೋ ನೋಡೋಣ ಎಂದು. ಸ್ವಲ್ಪ ಹೊತ್ತಿಗೆ ತಾನಾಗಿ ನಿಧಾನವಾಯಿತು. ಅಷ್ಟೇ. ಹನ್ನೊಂದು ವರ್ಷಕ್ಕೆ ಅಷ್ಟೇ. ಇಳಿದು, ಇನ್ನೊಂದು ಸಲ ಹತ್ತಿದೆ. ಮೇಲಿನಿಂದ ಮಾವಳ್ಳಿಯ ಹೆಂಚುಗಳು ಕಾಣುತ್ತವೆ. ನಿಮ್ಮ ಅಂಗಡಿ ಯಾವುದೆಂದು ಹುಡುಕಲಿಲ್ಲ.

ಕರೆಂಟು ನಿಮ್ಮ ಕೈಯಲ್ಲಿರಲಿಲ್ಲ. ಅದನ್ನು ಒಂದು ದಿನ ಮರೆಯಬಹುದೇನೋ. ಆ ಬಂಡೆ ಹತ್ತುವ ಹುಡುಗರನ್ನು ಕೆಳಗೆ ನಿಂತು ನೋಡಿದ ವರ್ಷಗಳಿವೆಯಲ್ಲ, ಅವು ನಿಮ್ಮ ಕೈಯಲ್ಲಿದ್ದವು. ಅದಕ್ಕೆ ಏನು ಮಾಡಬೇಕೆಂದು ನನಗಿನ್ನೂ ಗೊತ್ತಾಗಿಲ್ಲ.

ಪಿಕಪ್ಪಿನ ಮಾತು. ಜಪಾನಿನದೇ ಇರುತ್ತದೆ. ನಿಮ್ಮದಕ್ಕಿಂತ ಅದು ಒಳ್ಳೆಯದು, ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ನಿಮ್ಮದು ಅಮ್ಮನ ಹೊಲಿಗೆ ಮಷಿನ್ನಿನ ಡ್ರಾಯರಿನಲ್ಲಿದೆ. ಅವಳು ಅದನ್ನು ಎಸೆಯಲು ಬಿಡಲಿಲ್ಲ, ನಾನೂ ಬಹಳ ಒತ್ತಾಯ ಮಾಡಲಿಲ್ಲ.

ತೂತು ಹಾಗೇ ತೆರೆದಿದೆ. ನಾಳೆ ಇನ್ನೊಬ್ಬ ಮುನಿಸ್ವಾಮಿ ನೋಡಿದರೆ ವೈರು ಹಾಕುತ್ತಾನೆ. ಮೇಣ ಸಾಲದು. ಹಲಸಿನ ಚೂರೊಂದನ್ನು ಕೆತ್ತಿಕೊಂಡು ಬನ್ನಿ. ಭಾನುವಾರ ಹನ್ನೊಂದರವರೆಗೆ ಮನೆಯಲ್ಲಿರುತ್ತೇನೆ. ಮಾತಾಡುತ್ತೇನೆ ಎಂದು ಬರೆಯಲಾರೆ. ಗಿಟಾರು ಹಿಡಿದುಕೊಂಡಿರುತ್ತೇನೆ, ನೀವು ಬಡಿಯಿರಿ.

ದಾಸಪ್ಪನ ಮಗ,
ಆಂಜಿನಯ್ಯ